ಸಿಂಪಿಗೆ ಸುಣ್ಣ

ದೋಣಿ ಸೇನೆಯದು, ಡೀಸೆಲ್ ಕಂಪನಿಯದು, ದೋಣಿ ನಡೆಸುವ ನನ್ನ ಗಂಡ ಸರ್ಕಾರಿ ಇಲಾಖೆಯವರು. ಹೀಗಾಗಿ ಆ ದೋಣಿ ಕಟ್ಟೆ ಬಿಟ್ಟು ಹೊರಡಬೇಕಾದರೆ ಮೂರೂ ಕಡೆಯವರು ಹೂಂ ಅನ್ನಬೇಕು. ಸೇನೆಯವರು ಹೂಂ ಅಂದ ದಿನ ಇಲಾಖೆಗೆ ರಜೆ. ಇಲಾಖೆ ತೆರೆದಿದ್ದರೆ ಕಂಪನಿಯ ಡೀಸೆಲ್ ಬಂದಿರುವುದಿಲ್ಲ. ಡೀಸೆಲ್ ಬಂದ ದಿನ ಸೇನೆಯವರು ಗುಂಡು ಹಾರಿಸುವ ಅಭ್ಯಾಸ ಇಟ್ಟುಕೊಂಡು ತೀರದಲ್ಲಿ ಕೆಂಪು ಬಾವುಟ ಏರಿಸಿರುತ್ತಾರೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಇಲ್ಲಿ ಎಳೆಯುವುದಕ್ಕೆ ಮೂರನೆಯದೂ ಒಂದಿತ್ತು.

ಇವರು ಮಾತ್ರ ಹಗ್ಗ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಸಂಜೆ ಮನೆಗೆ ಬಂದು, "ಇವತ್ತು ಆಗಲಿಲ್ಲ, ನಾಳೆ ಆಗುತ್ತೆ" ಅನ್ನುತ್ತಿದ್ದರು. ಆ ಮಾತನ್ನು ಕೇಳಿ ಕೇಳಿ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಹುಟ್ಟಿದಾಗಲೂ ಅಳಲಿಲ್ಲವಂತೆ ಇವರು. ಸೂಲಗಿತ್ತಿ ಗಾಬರಿಯಾಗಿ ಬೆನ್ನು ತಟ್ಟಿದರೆ ಕಣ್ಣು ಬಿಟ್ಟು ನೋಡಿ ಮತ್ತೆ ಮುಚ್ಚಿಕೊಂಡರಂತೆ. ನಮ್ಮತ್ತೆ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ಕಟ್ಟಿಕೊಂಡವಳಿಗಲ್ಲವೇ ಗೊತ್ತು ಕಷ್ಟ.

ನಮ್ಮೂರ ಪಕ್ಕದ ಕಡಲತೀರವೆಲ್ಲ ಸೇನೆಯ ಜಾಗ. ಸುತ್ತ ಬೇಲಿ, ಬಾಗಿಲಲ್ಲಿ ಕಾವಲು, ಒಳಗೆ ಹೋಗುವುದಕ್ಕೆ ಪಾಸು. ಕಡಲಿಗೆ ಪಾಸು ಬೇಕಿರಲಿಲ್ಲವಾದ್ದರಿಂದ ಅದು ವರ್ಷ ವರ್ಷವೂ ಬಂದು ಒಂದಿಷ್ಟು ನೆಲ ತಿಂದು ಹೋಗುತ್ತಿತ್ತು. ಹಿಂದೆ ಆ ತೀರದುದ್ದಕ್ಕೂ ನೀರಿನಲ್ಲಿ ಸಿಂಪಿಯ ದಿಬ್ಬಗಳಿದ್ದವು. ಒಂದರ ಮೇಲೊಂದು ಸಿಂಪಿ ಅಂಟಿಕೊಂಡು ಬೆಳೆದು ಗೋಡೆಯಂತೆ ನಿಂತು ಅಲೆಯ ಸೊಕ್ಕು ಮುರಿಯುತ್ತಿದ್ದವು. ಅವನ್ನೆಲ್ಲ ನಮ್ಮ ಅಜ್ಜಂದಿರ ಕಾಲದವರು ಅಗೆದು, ಸುಟ್ಟು, ಸುಣ್ಣ ಮಾಡಿ ಮನೆಗಳಿಗೆ ಬಳಿದುಕೊಂಡರು. ಈಗ ಮತ್ತೆ ದಿಬ್ಬ ಕಟ್ಟೋಣ ಎಂದು ಸರ್ಕಾರ, ಸೇನೆ, ಒಂದು ದೊಡ್ಡ ಕಂಪನಿ ಮೂರೂ ಸೇರಿ ಒಪ್ಪಂದ ಮಾಡಿಕೊಂಡಿದ್ದವು. ಖಾಲಿ ಚಿಪ್ಪುಗಳನ್ನು ಬಲೆಚೀಲದಲ್ಲಿ ತುಂಬಿ, ನೀರು ಇಳಿದಾಗ ಕಾಣುವ ಕೆಸರಿನಂಚಿಗೆ ಸಾಲಾಗಿ ಪೇರಿಸಿದರೆ, ಕಡಲಿನಲ್ಲಿ ತೇಲಿ ಬರುವ ಮರಿ ಸಿಂಪಿಗಳು ಅದಕ್ಕೆ ಅಂಟಿ ಬೆಳೆಯುತ್ತವೆ. ಮರಿ ಹಿಡಿಯದಿದ್ದರೆ ಅಲೆ ತಡೆಯಲು ಕಾಂಕ್ರೀಟಿನ ಗೋಡೆ. ಆ ಗೋಡೆಯ ನಕ್ಷೆ ಮೊದಲ ದಿನದಿಂದಲೂ ಕಚೇರಿಯ ಕಪಾಟಿನ ಮೇಲೆ ಸುರುಳಿ ಸುತ್ತಿಕೊಂಡು ಕಾಯುತ್ತಿತ್ತು. ಗೋಡೆ ಬಂದರೆ ಅದರ ಬುಡಕ್ಕೆ ಸುರಿಯುವ ಬಂಡೆಗಳ ಕೆಳಗೆ ಇವರು ಪೇರಿಸಿದ್ದೆಲ್ಲ ಹೂತುಹೋಗುತ್ತಿತ್ತು.

ಇವರ ಕೆಲಸ ದೋಣಿಯೊಂದೇ ಅಲ್ಲ. ಖಾನಾವಳಿಗಳಿಂದ ಬರುವ ಚಿಪ್ಪನ್ನು ಬಯಲಿನಲ್ಲಿ ಹರಡಿ, ವರ್ಷವಿಡೀ ಬಿಸಿಲಿಗೆ ಒಣಗಿಸಿ, ಸಲಿಕೆಯಿಂದ ತಿರುವಿ ಹಾಕಬೇಕು. ರೋಗದ ಹುಳ ಸಾಯುವುದಕ್ಕೆ ಹಾಗೆ ಮಾಡಬೇಕಂತೆ. ಹುಳ ಸಾಯುತ್ತದೋ ಇಲ್ಲವೋ, ಆ ನಾತಕ್ಕೆ ಮನುಷ್ಯರು ಅರ್ಧ ಸಾಯುತ್ತಾರೆ. ಇವರ ಅಂಗಿಯನ್ನು ಬೇರೆಯೇ ಬಕೆಟ್ಟಿನಲ್ಲಿ ನೆನೆಹಾಕುತ್ತೇನೆ. ನನ್ನ ತಂಗಿ ನಮ್ಮ ಮನೆಗೆ ಬಂದರೆ ಮೂಗು ಮುಚ್ಚಿಕೊಂಡೇ ಕುಶಲ ವಿಚಾರಿಸುತ್ತಾಳೆ. ಸೇನೆಯ ಹುಡುಗರೆಲ್ಲ ಇವರನ್ನು ಚಿಪ್ಪಿನಣ್ಣ ಎಂದೇ ಕರೆಯುವುದು.

ನಾನು ಅದೇ ಜಂಟಿ ಕಚೇರಿಯಲ್ಲಿ ಕಸ ಗುಡಿಸಿ ಚಹಾ ಮಾಡುವವಳು. ಬೇಲಿಯೊಳಗೆ ಒಂದು ಉದ್ದನೆಯ ಶೆಡ್ಡು. ಗೋಡೆ ಸೇನೆಯದು, ಬೆನ್ನಿಗೆ ನಂಬರು ಬರೆದ ಕುರ್ಚಿಗಳು ಇಲಾಖೆಯವು, ಏಸಿ ಕಂಪನಿಯದು. ಏಸಿ ಕೆಟ್ಟು ಯಾವ ಕಾಲವಾಯಿತೋ. ರಿಪೇರಿಯವನು ಬಂದರೆ ಗೋಡೆ ಮುಟ್ಟಲು ಸೇನೆಯ ಅನುಮತಿ ಬೇಕು, ಹತ್ತಿ ನಿಲ್ಲುವ ಕುರ್ಚಿಗೆ ಇಲಾಖೆಯ ಅನುಮತಿ ಬೇಕು. ಅವನು ಎರಡು ಸಲ ಬಂದು ನೋಡಿ, ಕೈ ಮುಗಿದು ಹೋದ. ಚಹಾದ ಕೆಟಲ್ ಮಾತ್ರ ನನ್ನದು, ಮನೆಯಿಂದ ತಂದದ್ದು. ಆ ಕಚೇರಿಯಲ್ಲಿ ಕೇಳಿದ ಕೂಡಲೇ ಕೆಲಸ ಮಾಡುತ್ತಿದ್ದುದು ಅದೊಂದೇ.

ಒಬ್ಬೊಬ್ಬರನ್ನೇ ತೆಗೆದುಕೊಂಡರೆ ಯಾರೂ ಕೆಟ್ಟವರಲ್ಲ, ನನ್ನ ಸಿಟ್ಟಿಗೆ ಅದೇ ಕಾರಣ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಇಲಾಖೆಯ ಮೇಡಂ ಸಿಂಪಿಯ ವಿದ್ಯೆಯನ್ನೇ ಓದಿಕೊಂಡವರು, ಇವರಿಗೆ ಎಲ್ಲವನ್ನೂ ಕೈ ಹಿಡಿದು ಕಲಿಸಿದವರು. ಆದರೆ ಅವರಿಗೆ ವಾಹನವಿಲ್ಲ, ಬಸ್ಸು ಹಿಡಿದು ಬರಬೇಕು. ಮೇಜರ್ ಮಾತಿಗೆ ಮುಂಚೆ ಕೆಲಸ ಮಾಡಿಸುವ ಮನುಷ್ಯ. ಮಾತು ಮುಗಿಯುವವರೆಗೆ ಕಾಯುವ ಅಭ್ಯಾಸವಿಲ್ಲ, ಅಷ್ಟೇ. ಕಂಪನಿಯಿಂದ ಬರುವ ಹುಡುಗಿಯದು ಮಗುವಿನಂಥ ಮನಸ್ಸು. ಅವಳ ಹತ್ತಿರ ಆಕಾಶದಿಂದ ಫೋಟೊ ತೆಗೆಯುವ ಒಂದು ಯಂತ್ರ, ಮೇಲಿನವರನ್ನು ಕೇಳುವುದಕ್ಕೆ ಒಂದು ಫೋನು. ಮೂವರೂ ಮೇಜಿನ ಸುತ್ತ ಕೂತರೆ ಮಾತ್ರ ಸಂಸಾರ ಮೂರಾಬಟ್ಟೆ. ಒಂದು ಇಡೀ ಸಭೆ ಬ್ಯಾನರಿನ ಮೇಲೆ ಯಾರ ಲಾಂಛನ ಎಡಕ್ಕೆ, ಯಾರದು ಬಲಕ್ಕೆ ಎಂಬುದರಲ್ಲೇ ಮುಗಿಯಿತು. ನಾನು ಮೂರು ಸಲ ಚಹಾ ಕೊಟ್ಟೆ.

ಮೊದಲ ವರ್ಷ ಮರಿ ಸಿಂಪಿ ತೇಲಿ ಬರುವ ಕಾಲಕ್ಕೆ ಗುಂಡಿನ ಅಭ್ಯಾಸವಿತ್ತು. ಯಾರನ್ನೂ ಒಳಗೆ ಬಿಡಲಿಲ್ಲ. ಆಮೇಲಿನ ವರ್ಷ ಕಂಪನಿಯ ವಾರ್ಷಿಕೋತ್ಸವದ ದಿನವೇ ಚೀಲ ಇಳಿಸಬೇಕೆಂದು ಹಟ. ಇಳಿಸಿದೆವು, ಫೋಟೊ ಬಂತು, ಸಿಂಪಿ ಬರಲಿಲ್ಲ. ಅದರ ಮುಂದಿನ ವರ್ಷ ಇಲಾಖೆಯವರ ಅಳತೆಯ ಚೀಲ ಮಾರುಕಟ್ಟೆಯಲ್ಲಿ ಸಿಗಲೇ ಇಲ್ಲ. ಪ್ರತಿ ಸಲವೂ ಇವರು ಹೊಸದಾಗಿ ಚಿಪ್ಪು ಒಣಗಿಸಲು ಶುರು ಮಾಡುತ್ತಿದ್ದರು. "ಹೊಳೆಯಲ್ಲಿ ಹುಣಸೆಹಣ್ಣು ತೊಳೀತಾ ಇದ್ದೀರಿ" ಅಂದರೆ, "ತಾಳಿದವನು ಬಾಳಿಯಾನು ಕಣೇ" ಅನ್ನುತ್ತಿದ್ದರು.

ಈ ವರ್ಷ ಅದು ಹೇಗೋ, ಯಾರ ಕಣ್ಣು ತಪ್ಪಿಸಿಯೋ, ಮೂರೂ ಕಡೆಯ ಹೂಂ ಸರಿಯಾದ ವಾರಕ್ಕೇ ಸಿಕ್ಕಿತು. ಚೀಲ ಇಳಿದವು. ಒಂದು ಮಧ್ಯಾಹ್ನ ನಾನು ಲೋಟ ತೊಳೆಯುತ್ತಿದ್ದಾಗ ಇವರು ಬಾಗಿಲಲ್ಲಿ ನಿಂತು "ಬಾ" ಅಂದರು. ಮಂಡಿಯವರೆಗೆ ಕೆಸರು. ಏನಾಯಿತೋ ಎಂದು ಹೆದರಿ ಚಪ್ಪಲಿ ಬಿಟ್ಟು ಹಿಂದೆಯೇ ಓಡಿದೆ. ಮುಂದಿನ ಸಾಲಿನ ಚೀಲದ ಹತ್ತಿರ ಕೂರಿಸಿ, ಒಂದು ಹಳೆಯ ಚಿಪ್ಪಿನ ಮೇಲೆ ನನ್ನ ಬೆರಳನ್ನು ಹಿಡಿದು ಆಡಿಸಿದರು. ಬೇಳೆಕಾಳಿನಷ್ಟು ದೊಡ್ಡ, ಚೂಪಾದ ಅಂಚಿನ ಏನೋ ಒಂದು. ಪಕ್ಕದಲ್ಲಿ ಇನ್ನೊಂದು. ಆಮೇಲೆ ಕಣ್ಣು ಹೊಂದಿಕೊಂಡಂತೆ ಎಲ್ಲೆಲ್ಲೂ ಅವೇ.

"ಹಿಡಿದಿದೆ" ಅಂದರು. ಅವರ ದವಡೆ ನಡುಗುತ್ತಿತ್ತು. ಮದುವೆಯಾದ ಮೇಲೆ ಆ ಮುಖವನ್ನು ಹಾಗೆ ನಾನು ನೋಡಿದ್ದು ಒಮ್ಮೆ, ಮಗಳನ್ನು ಮೊದಲ ಸಲ ಕೈಗೆ ಕೊಟ್ಟಾಗ. ಆ ದಿನ ನನಗೆ ನಾತವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ನನ್ನ ಗಂಡ ಇಷ್ಟು ವರ್ಷ ಹುಚ್ಚನಂತೆ ಕಾದದ್ದು ಇದಕ್ಕೆ ಎಂದು ಹೊಟ್ಟೆ ತುಂಬಿದಂತಾಯಿತು.

ಒಳ್ಳೆಯದಾದರೆ ಸುಮ್ಮನಿರುತ್ತಾರೆಯೇ? ಸುದ್ದಿ ಮೇಲಕ್ಕೆ ಹೋಯಿತು. ಸೇನೆಯ ಜನರಲ್, ಇಲಾಖೆಯ ಕಾರ್ಯದರ್ಶಿ, ಕಂಪನಿಯ ಅಧ್ಯಕ್ಷ ಮೂವರೂ ಒಂದೇ ದಿನ ನೋಡಲು ಬರುತ್ತಾರೆ, ದಿಬ್ಬವೋ ಗೋಡೆಯೋ ಎಂಬುದು ಆಮೇಲೆ ನಿಶ್ಚಯವಾಗುತ್ತದೆ ಎಂದು ಬಂತು. ಅದಕ್ಕೊಂದು ಸಭೆ. ಕಂಪನಿಯ ಹುಡುಗಿ ಪರದೆಯ ಮೇಲೆ ಆಕಾಶದ ಫೋಟೊ ತೋರಿಸಿ, "ನಮ್ಮ ಸಾಲು ಕೆಸರಲ್ಲಿ ಕೆಸರಾಗಿ ಹೋಗಿದೆ, ಏನೂ ಕಾಣ್ತಾನೇ ಇಲ್ಲ. ಸ್ವಲ್ಪ ಎದ್ದು ಕಾಣೋ ಹಾಗೆ ಮಾಡಕ್ಕಾಗುತ್ತಾ?" ಅಂದಳು.

"ಆಗುತ್ತೆ" ಅಂದರು ಮೇಜರ್.

ಸಣ್ಣ ಬಾವುಟಗಳನ್ನು ನೆಡುತ್ತಾರೆ ಎಂದುಕೊಂಡರು ಮೇಡಂ. ಹೇಗೆ ಎಂದು ಯಾರೂ ಕೇಳಲಿಲ್ಲ. ಮುಂದಿನ ವಿಷಯ ಶಾಮಿಯಾನದ ಬಣ್ಣ. ಅದಕ್ಕೆ ಮಾತ್ರ ಬಹಳ ಹೊತ್ತು ಹಿಡಿಯಿತು.

ಸೇನೆಯಲ್ಲಿ ಒಂದು ರೂಢಿಯುಂಟು. ದೊಡ್ಡ ಸಾಹೇಬರು ಬರುತ್ತಾರೆಂದರೆ ಅಲ್ಲಾಡದೆ ನಿಂತದ್ದಕ್ಕೆಲ್ಲ ಸುಣ್ಣ. ಹಾದಿಯಂಚಿನ ಕಲ್ಲಿಗೆ ಸುಣ್ಣ, ಮರದ ಬುಡಕ್ಕೆ ಸೊಂಟದೆತ್ತರ ಸುಣ್ಣ, ನಲ್ಲಿಯ ಕಟ್ಟೆಗೆ ಸುಣ್ಣ, ಮರಳಿನ ಬಕೆಟ್ಟಿನ ಬಾಯಿಗೊಂದು ಸುಣ್ಣದ ಪಟ್ಟಿ. ಒಮ್ಮೆ ನಾನು ಶೆಡ್ಡಿನ ಹಿತ್ತಲಲ್ಲಿ ಒಣಗಲು ಬೋರಲು ಹಾಕಿದ್ದ ಪಾತ್ರೆಗೂ ಬಳಿದು ಹೋಗಿದ್ದರು. ಹಾಗಾಗಿ ಸಾಹೇಬರು ಬರುವ ಹಿಂದಿನ ದಿನ ಹುಡುಗರು ಬಕೆಟ್ಟು, ಕುಂಚ ಹಿಡಿದು ಓಡಾಡುವುದನ್ನು ಕಂಡಾಗ ನನಗೆ ಏನೂ ಅನ್ನಿಸಲಿಲ್ಲ. ನಾನು ಕಿಟಕಿಯ ಗಾಜು ಒರೆಸುತ್ತಿದ್ದೆ. ಇವರು ದೋಣಿಯಲ್ಲಿ ಅಳಿವೆಯ ಕಡೆ ಹೋಗಿದ್ದರು. ಜನರಲ್ ಸಾಹೇಬರನ್ನು ಕೂರಿಸಿಕೊಂಡು ಬರುವ ತಾಲೀಮು. ಸಾಹೇಬರ ಜಾಗದಲ್ಲಿ ಒಬ್ಬ ಅಡುಗೆಯ ಸಿಪಾಯಿಯನ್ನು ಕೂರಿಸಿದ್ದರು.

ಗಾಜು ಸ್ವಚ್ಛವಾದ ಮೇಲೆ ತೀರ ಕಂಡಿತು. ನೀರು ಪೂರ್ತಿ ಇಳಿದಿತ್ತು. ಕೆಸರಿನಂಚಿಗೆ ಉದ್ದಕ್ಕೆ ಒಂದು ಬಿಳಿ ಗೆರೆ.

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಬಟ್ಟೆಯನ್ನು ಅಲ್ಲೇ ಎಸೆದು ಓಡಿದೆ. ಸಾಲಿನ ಮುಕ್ಕಾಲು ಭಾಗ ಮುಗಿದಿತ್ತು. ಒಬ್ಬೊಬ್ಬ ಹುಡುಗನೂ ಕೆಸರಲ್ಲಿ ಮಂಡಿಯೂರಿ, ಚಿಪ್ಪು ಚಿಪ್ಪಿಗೂ ಕುಂಚ ತೂರಿಸಿ, ಶ್ರದ್ಧೆಯಿಂದ ಬಳಿಯುತ್ತಿದ್ದ. ಅವರ ಮುಂದಾಳು ನನ್ನನ್ನು ಕಂಡು ನಕ್ಕ.

"ಅಕ್ಕಾ, ಚೆನ್ನಾಗಿ ಕಾಣ್ತಿದೆ ಅಲ್ವಾ?"

"ನಿಲ್ಸಪ್ಪಾ! ಜೀವ ಇದೆ ಅದರಲ್ಲಿ! ಸುಣ್ಣ ಹಾಕಿದ್ರೆ ಸಾಯಲ್ವಾ?"

ಅವನ ನಗು ಹೋಯಿತು. ಆದರೆ ಕೈ ನಿಲ್ಲಲಿಲ್ಲ. "ಮೇಜರ್ ಸಾಹೇಬ್ರು ಹೇಳಿದ್ದು ಅಕ್ಕಾ. ಅವರು ನಿಲ್ಸು ಅಂದ್ರೆ ನಿಲ್ಲಿಸ್ತೀವಿ."

ಮೇಜರಿಗೆ ಫೋನು ಮಾಡಿದೆ. ಅವರು ಬಾಗಿಲಲ್ಲಿ ವಂದನೆಯ ತಾಲೀಮಿನಲ್ಲಿದ್ದರು. "ಅಯ್ಯೋ, ಹಾಗಾ? ಸಿಂಪಿ ವಿಷಯ ಇಲಾಖೆಗೆ ಸೇರಿದ್ದಮ್ಮಾ. ಮೇಡಂ ಬರೆದು ಕಳಿಸಲಿ, ತಕ್ಷಣ ನಿಲ್ಲಿಸ್ತೀನಿ" ಅಂದರು. ಮೇಡಂಗೆ ಮಾಡಿದೆ. ಅವರು ಬಸ್ಸಿನಲ್ಲಿದ್ದರು. ವಿಷಯ ಕೇಳಿ ಚೀರಿದರು. "ನೀರು ಏರೋಕೆ ಮುಂಚೆ ತೊಳೀಬೇಕು! ಈಗ ಬಾಯಿ ಮುಚ್ಚಿಕೊಂಡಿರ್ತವೆ. ನೀರು ಬಂದ ಕೂಡ್ಲೇ ಬಾಯಿ ಬಿಟ್ಟು ಆ ಸುಣ್ಣದ ನೀರನ್ನೇ ಕುಡೀತವೆ, ಒಂದೂ ಉಳಿಯಲ್ಲ." ಹಾಗಾದರೆ ನಿಲ್ಲಿಸಲು ಹೇಳಿ ಎಂದರೆ, ಸೈನಿಕರಿಗೆ ಹೇಳುವ ಅಧಿಕಾರ ತಮಗಿಲ್ಲ, ಚೀಲಗಳಂತೂ ಹಸ್ತಾಂತರವಾಗುವ ತನಕ ಕಂಪನಿಯವು, ಕಂಪನಿಯವರು ಆಕ್ಷೇಪಣೆ ಕೊಟ್ಟರೆ ಆಗಬಹುದು ಅಂದರು. ಅನ್ನುತ್ತಲೇ ಅಳತೊಡಗಿದರು. ಕಂಪನಿಯ ಹುಡುಗಿ ಅಲ್ಲೇ ಶಾಮಿಯಾನದ ಹತ್ತಿರವಿದ್ದಳು. ಓಡಿ ಬಂದು, ನೋಡಿ, ಬಾಯಿಗೆ ಕೈ ಇಟ್ಟುಕೊಂಡಳು. "ಮೇಲಿನವರನ್ನ ಕೇಳ್ತೀನಿ ಆಂಟಿ" ಎಂದು ಫೋನು ಹಿಡಿದು ಸಿಗ್ನಲ್ ಹುಡುಕಿಕೊಂಡು ಹೋದಳು.

"ಕೂಸು ಬಾವಿಗೆ ಬಿದ್ದಿದೆ ಅಂದ್ರೆ ಯಾರ ಮನೆ ಕೂಸು ಅಂತ ಕೇಳ್ತೀರಲ್ರೋ!" ಎಂದು ನಾನು ಗಾಳಿಗೆ ಕೂಗಿದೆ. ಹಣೆ ಚಚ್ಚಿಕೊಂಡೆ. ಸೀರೆಯ ಸೆರಗಿನಿಂದ ಒಂದು ಚೀಲ ಒರೆಸಲು ಹೋದೆ, ಸುಣ್ಣ ಇನ್ನೂ ಒಳಗಿಳಿಯಿತು. ದೂರದಲ್ಲಿ ನೀರು ತಿರುಗಿತ್ತು. ಕೆಸರಿನ ಕಾಲುವೆಗಳಲ್ಲಿ ಅದು ಹಾವಿನಂತೆ ಒಳಬರುತ್ತಿತ್ತು.

ಆಗ ದೋಣಿ ತಿರುವಿನಲ್ಲಿ ಕಾಣಿಸಿತು. ಇವರು ಎದ್ದು ನಿಂತು ನೋಡಿದರು. ತಾಲೀಮಿನ ಪ್ರಕಾರ ಅದು ಕಟ್ಟೆಗೆ ಹೋಗಬೇಕಿತ್ತು. ಹೋಗಲಿಲ್ಲ. ಮೂತಿ ತಿರುಗಿಸಿ ನೇರವಾಗಿ ಆಳವಿಲ್ಲದ ನೀರಿಗೆ ನುಗ್ಗಿ ಬಂತು. ಜನರಲ್ ಆಗಿ ಕೂತಿದ್ದ ಅಡುಗೆಯವನು ದೋಣಿಯಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ದೋಣಿ ಕೆಸರಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಇವರು ಸೊಂಟದವರೆಗಿನ ನೀರಿಗೆ ಹಾರಿದರು.

"ನಿಲ್ಸ್ರೋ!"

ಆ ಧ್ವನಿ ಯಾರದೆಂದು ನಾನು ಹಿಂದೆ ತಿರುಗಿ ನೋಡಿದೆ. ನನ್ನ ಗಂಡನ ಗಂಟಲಲ್ಲಿ ಅಂಥದೊಂದು ಇದೆ ಎಂದು ನನಗೆ ಗೊತ್ತಿರಲಿಲ್ಲ. ಹುಡುಗರು ಕುಂಚ ಬಿಟ್ಟು ಎದ್ದು ನೆಟ್ಟಗೆ ನಿಂತರು. ಪಾಪ, ಅವರಿಗೆ ಕಲಿಸಿದ್ದೇ ಅದು. ಗಟ್ಟಿಯಾಗಿ ಹೇಳಿದರೆ ಸಾಕು, ಯಾರು ಹೇಳಿದರು ಎಂದು ನೋಡುವುದಿಲ್ಲ.

"ಸುಣ್ಣ ಆಚೆ ಚೆಲ್ರಿ! ಆ ಬದಿಗೆ, ದಡದ ಮೇಲೆ! ಬಕೆಟ್ ತೊಳೀರಿ! ಸಾಲು ಕಟ್ರಿ! ಏಯ್, ನೀನು ಪಂಪು ಹಾಕು!"

ಕೊನೆಯದು ಅಡುಗೆಯವನಿಗೆ. ದೋಣಿಯಲ್ಲಿ ಬೆಂಕಿ ಆರಿಸುವ ಪಂಪು ಇತ್ತು. ಅದು ಶುರುವಾಯಿತು. ಇವರು ಕೊಳವೆ ಹಿಡಿದು ಚೀಲ ಚೀಲಕ್ಕೂ ನೀರು ಹೊಡೆದರು. ಹುಡುಗರು ಕೈಯಿಂದ ಕೈಗೆ ಬಕೆಟ್ಟು ದಾಟಿಸಿದರು. ಮುಂದಾಳು ತನ್ನ ಟೋಪಿಯನ್ನೇ ಮಗ್ಗು ಮಾಡಿಕೊಂಡ. ನಾನು ಉಗುರಿನಿಂದ ಕೆರೆದೆ, ಬೆರಳಿನ ತುದಿಗಳೆಲ್ಲ ಕುಯ್ದುಕೊಂಡು ಸುಣ್ಣ ಉರಿಯಿತು. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಇಷ್ಟು ವರ್ಷದಲ್ಲಿ ಜಂಟಿ ಕೆಲಸ ಅಂತ ನಾನು ಕಣ್ಣಾರೆ ಕಂಡದ್ದು ಆ ಸಂಜೆಯೊಂದೇ. ಕೊನೆಯ ಚೀಲ ಮುಗಿಯುವಾಗ ನೀರು ನಮ್ಮ ಎದೆಗೆ ಬಂದಿತ್ತು. ಎಷ್ಟು ಉಳಿದವು, ಎಷ್ಟು ಹೋದವು, ನೀರಿನಡಿ ಏನೂ ಕಾಣುತ್ತಿರಲಿಲ್ಲ.

ಮರುದಿನ ದೊಡ್ಡವರು ಬಂದರು. ಸಮಯ ನಿಗದಿ ಮಾಡುವಾಗ ಮೂರೂ ಕಚೇರಿಯವರು ಎಲ್ಲರ ಅನುಕೂಲ ನೋಡಿದ್ದರು, ಕಡಲಿನದೊಂದನ್ನು ಬಿಟ್ಟು. ಅವರು ಬಂದಾಗ ನೀರು ತುಂಬಿ ನಿಂತಿತ್ತು.

"ಎಲ್ಲಿದೆ ದಿಬ್ಬ?" ಎಂದರು ಜನರಲ್.

"ಕೆಳಗಿದೆ ಸಾರ್" ಎಂದರು ಮೇಜರ್.

ಮೂವರೂ ನೀರನ್ನು ನೋಡಿ ತಲೆದೂಗಿದರು. ಚಪ್ಪಾಳೆಯಾಯಿತು. ನೀರು ಚೆನ್ನಾಗಿ ಇಳಿದಾಗ ಮೇಡಂ ಪರೀಕ್ಷೆ ಮಾಡಿ ವರದಿ ಕೊಡಲಿ, ಜೀವವಿದ್ದರೆ ದಿಬ್ಬ, ಇಲ್ಲದಿದ್ದರೆ ಗೋಡೆ ಎಂದು ಹೇಳಿ ಕಾರು ಹತ್ತಿದರು. ಸುಣ್ಣದ ಮಾತನ್ನು ಯಾರೂ ಎತ್ತಲಿಲ್ಲ.

ಇವರ ಮಾತನ್ನು ಮಾತ್ರ ಎತ್ತಿದರು. ಅಪ್ಪಣೆಯಿಲ್ಲದೆ ದೋಣಿ ತಿರುಗಿಸಿದ್ದು, ಅಪ್ಪಣೆಯಿಲ್ಲದೆ ಪಂಪು ಬಳಸಿದ್ದು, ಎಲ್ಲಕ್ಕಿಂತ ಹೆಚ್ಚಾಗಿ, ಸೈನಿಕರಿಗೆ ಹೊರಗಿನವನೊಬ್ಬ ಆಜ್ಞೆ ಮಾಡಿದ್ದು. ಕೆಲಸದಿಂದ ತೆಗೆದರು, ಪಾಸು ವಾಪಸು ಪಡೆದರು. ಒಂದು ಏಸಿ ರಿಪೇರಿಗೆ ಕೂಡಿ ಬಾರದ ಮೂರು ಸಹಿಗಳು ಆ ಕಾಗದದ ಮೇಲೆ ಒಂದೇ ಬೆಳಿಗ್ಗೆ ಕೂಡಿ ಬಂದವು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ. ಜೀವಮಾನದಲ್ಲಿ ಒಂದು ಸಲ ಬಾಯಿ ಬಿಟ್ಟ ನನ್ನ ಗಂಡನಿಂದ ಬಣ್ಣ ಹೋದದ್ದು ಅವರಿಗೆ, ಕೆಲಸ ಹೋದದ್ದು ಇವರಿಗೆ. ಮೇಡಂ ಕಾಗದ ಕೊಡುವಾಗ ಕಣ್ಣೊರೆಸಿಕೊಂಡರಂತೆ. ಇವರು ಅವರಿಗೇ ಸಮಾಧಾನ ಹೇಳಿ ಬಂದರಂತೆ!

"ನಾಲ್ಕು ಮಾತು ಕೇಳೋದಲ್ವಾ?" ಎಂದು ನಾನು ಮನೆಯಲ್ಲಿ ಪಾತ್ರೆ ಕುಕ್ಕಿದೆ.

"ಕೇಳಿ ಏನು ಮಾಡ್ಲಿ? ನೀರು ಯಾವಾಗ ಚೆನ್ನಾಗಿ ಇಳಿಯುತ್ತೆ ನೋಡು. ನಿನ್ನ ಪಾಸು ಇದೆಯಲ್ಲ. ಮೇಡಂ ಜೊತೆ ಬುಟ್ಟಿ ಹಿಡ್ಕೊಂಡು ಹೋಗು."

ಆಮೇಲಿನ ದಿನಗಳಲ್ಲಿ ಇವರು ಊಟದ ತಟ್ಟೆಯ ಮುಂದೆ ಕೂತು ಎದ್ದು ಹೋಗುತ್ತಿದ್ದರು. ಕೆಲಸ ಹೋದದ್ದಕ್ಕಲ್ಲ, ಅದು ನನಗೆ ಗೊತ್ತಿತ್ತು. ಎರಡು ಹಳೆಯ ಚಿಪ್ಪು ಇಟ್ಟುಕೊಂಡು ನನಗೆ ಪಾಠ ಮಾಡಿದರು. ನೀರಿನಿಂದ ಹೊರಗಿದ್ದಾಗ ಬಿಗಿಯಾಗಿ ಮುಚ್ಚಿಕೊಂಡಿದ್ದರೆ ಬದುಕಿದೆ, ಬಾಯಿ ತೆರೆದು ಒಳಗೆ ಕೆಸರು ತುಂಬಿದ್ದರೆ ಸತ್ತಿದೆ. "ಸುಣ್ಣ ಬಿದ್ದ ಮುಂದಿನ ಸಾಲೇ ನೋಡು. ಮೇಲಿನ ಚೀಲ ಬೇಡ, ಕೈ ಒಳಗೆ ಹಾಕು. ಸುಣ್ಣ ತಾಗದ ಹಿಂದಿನ ಸಾಲು ನೋಡಿ ಬಂದು ನನಗೆ ಚೆನ್ನಾಗಿದೆ ಅನ್ನಬೇಡ." ಇಷ್ಟೊಂದು ಮಾತು ಇವರ ಬಾಯಿಂದ ಒಟ್ಟಿಗೆ ಬಂದದ್ದಕ್ಕೇ ನನಗೆ ಹೆದರಿಕೆಯಾಯಿತು.

ನೀರು ಚೆನ್ನಾಗಿ ಇಳಿದ ದಿನ ಮೇಡಂ ಬಸ್ಸಿನಿಂದಿಳಿದು ಬಂದರು. ಇವರು ನನ್ನನ್ನು ಬಾಗಿಲವರೆಗೆ ಬಿಟ್ಟು, ಬೇಲಿಯ ಹೊರಗಿನ ರಸ್ತೆಯ ಮೇಲೆ ನಿಂತರು. ದೋಣಿ ಕಟ್ಟೆಯಲ್ಲಿ ಹಾಗೇ ಇತ್ತು, ಹೊಸಬನನ್ನು ಯಾರು ನೇಮಿಸಬೇಕೆಂದು ಇನ್ನೂ ಚರ್ಚೆಯಂತೆ. ನಾವಿಬ್ಬರೂ ಕೆಸರಲ್ಲಿ ನಡೆದೇ ಹೋದೆವು.

ಮೇಲಿನ ಚೀಲದಲ್ಲಿ ಬಾಯಿ ತೆರೆದವೇ. ಒಂದು, ಇನ್ನೊಂದು, ಮತ್ತೊಂದು. ಒಳಗೆಲ್ಲ ಕಪ್ಪು ಕೆಸರು. ಮೇಡಂ ಬರೆದುಕೊಳ್ಳುತ್ತಿದ್ದರು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಮೇಜರ್ ಮೇಲೆ, ಹುಡುಗಿಯ ಮೇಲೆ, ಬೇಲಿಯಾಚೆ ಕಂಬದಂತೆ ನಿಂತಿದ್ದ ಆ ಮನುಷ್ಯನ ಮೇಲೂ. ಇದನ್ನು ನಾನೇ ಹೋಗಿ ಆ ಮುಖಕ್ಕೆ ಹೇಳಬೇಕಲ್ಲ ಎಂದು ಅಳು ಬಂತು. ಆ ಸಿಟ್ಟಿನಲ್ಲೇ ತೋಳಿನವರೆಗೆ ಕೈ ಒಳಗೆ ತೂರಿಸಿದೆ.

ಬೆರಳಿಗೆ ಚೂಪಾಗಿ ತಾಗಿತು. ಎಳೆದು ತೆಗೆದೆ. ಒಂದು ಹಳೆಯ ಚಿಪ್ಪಿನ ತುಂಬ ಹೆಬ್ಬೆರಳಿನ ಉಗುರಿನಷ್ಟು ಬೆಳೆದವು ಒತ್ತಿಕೊಂಡು ಕೂತಿದ್ದವು. ಒಂದರ ಸಂದಿಗೆ ಉಗುರು ಹಾಕಿ ಬಿಡಿಸಲು ನೋಡಿದೆ. ಬಿಡಲಿಲ್ಲ. ಪಕ್ಕದ್ದನ್ನು ನೋಡಿದೆ. ಅದೂ ಬಿಡಲಿಲ್ಲ. ಕಲ್ಲಿನ ಹಾಗೆ ಮುಚ್ಚಿಕೊಂಡಿದ್ದವು. ಮುಂದಿನ ಚೀಲ, ಅದರ ಮುಂದಿನದು, ಒಳಗೆ ಕೈ ಹಾಕಿದಲ್ಲೆಲ್ಲ ಅವೇ. ಮೇಡಂ ಪೆನ್ನು ಬಿಟ್ಟು ನನ್ನ ಕೆಸರು ಕೈಯನ್ನು ಹಿಡಿದುಕೊಂಡರು.

ನಾನು ರಸ್ತೆಯ ಕಡೆ ತಿರುಗಿ ಕೂಗಿದೆ. "ಬದುಕಿವೆ ರೀ!"

ಗಾಳಿ ಎದುರಿಗಿತ್ತು. ಇವರಿಗೆ ಕೇಳಿಸಲಿಲ್ಲ. ಬೇಲಿಯ ತಂತಿ ಹಿಡಿದು, ಇನ್ನೊಂದು ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡರು. ಕಾವಲಿನ ಹುಡುಗ ಕಟ್ಟೆಯ ಮೇಲಿನಿಂದ, "ಅಮ್ಮಾ, ಇಲ್ಲಿ ಕೂಗಬಾರ್ದು, ಅಪ್ಪಣೆ ಇಲ್ಲ" ಎಂದ.

ನಾನು ಕೆಸರಲ್ಲಿ ಕಾಲು ಅಗಲಿಸಿ ನಿಂತು, ಆ ಚಿಪ್ಪನ್ನು ತಲೆಯ ಮೇಲೆತ್ತಿ, ಇದ್ದ ಗಂಟಲನ್ನೆಲ್ಲ ಹಾಕಿ ಇನ್ನೊಮ್ಮೆ ಕೂಗಿದೆ.